ಮಾವನವರು ಬೈದ ಗಿಟಾರು

ಗಂಡಸರಿಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ ಎಂಬ ದೂರು ಬಹಳ ಹಳೆಯದು. ನನ್ನ ಸ್ನೇಹಿತರಲ್ಲಿ ಕೆಲವರು ಈ ವಿದ್ಯೆಯನ್ನು ಎಷ್ಟು ಚೆನ್ನಾಗಿ ಸಾಧಿಸಿದ್ದಾರೆಂದರೆ, ಪೇಪರು ಹಿಡಿದು ಕೂತಾಗ ಅಡುಗೆಮನೆಯಿಂದ ಬಂದ ಕೂಗು ಅವರ ಕಿವಿಗೆ ಬೀಳುವುದಿಲ್ಲ. "ಚಹಾ ಆತು" ಎಂಬ ಪಿಸುಮಾತು ಮಾತ್ರ ತಪ್ಪದೆ ಬೀಳುತ್ತದೆ. ನಮ್ಮ ಮನೆಯ ತೊಂದರೆ ಬೇರೆ ಥರದ್ದು. ನಮ್ಮಲ್ಲಿ ಕೇಳಿಸದೆ ಇದ್ದದ್ದು ಹೆಂಡತಿಯ ಮಾತಲ್ಲ, ಹೆಂಡತಿಯ ಗಿಟಾರು. ಅದೂ ನನಗೊಬ್ಬನಿಗೆ ಅಲ್ಲ, ಚಿಕ್ಕೋಡಿಯ ನಮ್ಮ ಇಡೀ ಓಣಿಗೆ.

ಹೆಂಡತಿ ಗಿಟಾರು ಬಾರಿಸುತ್ತಾಳೆ ಎಂದೊಡನೆ ಎದುರಿಗಿದ್ದವರು ಆಕೆ ಮುಂಬಯಿಯವಳೋ ಗೋವಾದವಳೋ ಎಂದು ಕೇಳುತ್ತಾರೆ. ಸುನಂದಾ ರಾಯಬಾಗದ ಕಡೆಯ ಕಬ್ಬು ಬೆಳೆಯುವವರ ಮನೆಯ ಮಗಳು. ನಿಪ್ಪಾಣಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ, ಅಲ್ಲಿಯ ಮೇಲ್ವಿಚಾರಕಿ ಒಬ್ಬರು ಬೇಸರ ಕಳೆಯಲು ಗಿಟಾರು ನುಡಿಸುತ್ತಿದ್ದರಂತೆ. ಉಳಿದ ಹುಡುಗಿಯರು ಅವರಿಂದ ಸ್ವೆಟರ್ ಹೆಣೆಯುವುದನ್ನು ಕಲಿತರು, ಇವಳು ಇದನ್ನು ಕಲಿತಳು. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಮದುವೆಯಾದಾಗ ತವರಿನಿಂದ ಬಂದ ಸಾಮಾನುಗಳ ನಡುವೆ, ಹಳೆಯ ಇಳಕಲ್ ಸೀರೆಯಿಂದ ಹೊಲಿದ ಗವಸಿನಲ್ಲಿ ಅದೂ ಬಂತು. ಧಾರವಾಡದ ನನ್ನ ತಾಯಿ, "ಸೊಸಿ ತಂಬೂರಿ ತಂದಾಳ, ಲಕ್ಷಣವಂತಿ" ಎಂದು ಹಿಗ್ಗಿ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡರು. ಅದು ತಂಬೂರಿಯಲ್ಲ ಎಂದು ತಿಳಿಸುವ ಧೈರ್ಯ ನನಗೂ ಆಗಲಿಲ್ಲ, ಸೊಸೆಗೂ ಆಗಲಿಲ್ಲ.

ಬ್ಯಾಂಕಿನ ಕೆಲಸದ ಮೇಲೆ ಚಿಕ್ಕೋಡಿಗೆ ಬಂದ ಮೇಲೆ ನಾವಿಬ್ಬರೂ ಓಣಿಯ ಭಜನಾ ಮಂಡಳಿಗೆ ಸೇರಿದೆವು. ಪ್ರತಿ ಸೋಮವಾರ ಸಂಜೆ ಬಸವಣ್ಣನ ಗುಡಿಯಲ್ಲಿ ಭಜನೆ. ಒಂದು ಕನ್ನಡ ತತ್ವಪದ, ಅದರ ಬೆನ್ನಿಗೆ ಒಂದು ಮರಾಠಿ ಅಭಂಗ. ಯಾವುದರ ಸಾಲು ಯಾರಿಗೆ ಬರುವುದಿಲ್ಲವೋ ಅವರು ಆಗ ತಾಳವನ್ನು ಇನ್ನಷ್ಟು ಜೋರಾಗಿ ಹಾಕಿ ತಮ್ಮ ಭಕ್ತಿಯನ್ನು ಸರಿದೂಗಿಸುತ್ತಿದ್ದರು. ಮಂಡಳಿಗೆ ಒಂದು ಹಾರ್ಮೋನಿಯಂ ಇತ್ತು, ಅಂದರೆ ಹಿಂದೊಮ್ಮೆ ಇತ್ತು. ಅದನ್ನು ರಿಪೇರಿಗೆಂದು ನಿಪ್ಪಾಣಿಯ ದತ್ತೋಬಾ ಎಂಬುವವರ ಅಂಗಡಿಗೆ ಕೊಟ್ಟಿದ್ದರು. ಕೊಟ್ಟವರು ವರ್ಗವಾಗಿ ಹೋದರು, ಹಾರ್ಮೋನಿಯಂ ಅಲ್ಲೇ ನೆಲೆಸಿತು. ಆ ಜಾಗಕ್ಕೆ ಸುನಂದಾಳ ಗಿಟಾರು ಬಂತು. ಹಾಡಲು ನಾನು. ಬ್ಯಾಂಕಿನವನೆಂಬ ಗೌರವಕ್ಕೋ, ನಿಜವಾಗಿ ಮೆಚ್ಚಿಯೋ, "ಸಾಹೇಬ್ರ ಕಂಠ ಅಂದ್ರ ಕಂಠ" ಎಂದು ಜನ ಹೇಳುತ್ತಿದ್ದರು. ನಾನು ಎರಡನೆಯ ಕಾರಣವನ್ನೇ ನಂಬಿದ್ದೆ.

ಈಗ ನೀವೇ ಯೋಚಿಸಿ. ಒಂದು ಕಡೆ ಢೋಲಕಿ, ಸುತ್ತ ಹಿಡಿಯಷ್ಟು ದಪ್ಪದ ಹಿತ್ತಾಳೆಯ ತಾಳಗಳು, ನಡುವೆ ಇದ್ದೊಂದು ಮೈಕನ್ನು ಬಾಯಿಗಿಟ್ಟುಕೊಂಡ ನಾನು. ಇದರೊಳಗೆ ಗಿಟಾರು ಬಾರಿಸುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸುನಂದಾಳ ಬೆರಳು ಆಡುವುದು ಕಾಣುತ್ತಿತ್ತು, ತಲೆ ತೂಗುವುದು ಕಾಣುತ್ತಿತ್ತು, ಸದ್ದು ಮಾತ್ರ ಅವಳ ಮಡಿಲು ದಾಟಿ ಈಚೆಗೆ ಬರುತ್ತಿರಲಿಲ್ಲ. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳುವವಳು, ಓಣಿಗೆಲ್ಲ ಅಕ್ಕೋರು. ಕೇಳಿಸದಿದ್ದರೂ ಲೆಕ್ಕ ಸರಿಯಿರಬೇಕೆಂಬ ಸ್ವಭಾವ. ಒಂದು ತಂತಿ ತುಸು ಸಡಿಲವಾದರೂ ಹಾಡಿನ ನಡುವೆಯೇ ಕಿವಿಯನ್ನು ಗಿಟಾರಿಗೆ ಹಚ್ಚಿ ಬಿಗಿಮಾಡಿಕೊಳ್ಳುತ್ತಿದ್ದಳು. ಯಾರಿಗೂ ಕೇಳಿಸದ ಸಂಗೀತವನ್ನು ಅಷ್ಟು ಶ್ರದ್ಧೆಯಿಂದ ನುಡಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ಹೆಮ್ಮೆಯೆನಿಸುತ್ತದೆ.

ಒಂದು ಸೋಮವಾರ ಮಗಳನ್ನು ನೋಡಲು ನಮ್ಮ ಮಾವನವರು ಬಂದಿದ್ದರು. ಮಾವನವರು ದೊಡ್ಡ ಆಳು, ದೊಡ್ಡ ಮೀಸೆ, ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು. ಅವರು ಭಜನೆಗೂ ಬಂದು ಹಿಂದುಗಡೆ ಹೆಂಗಸರ ಸಾಲಿನ ಹತ್ತಿರ ಕಂಬಕ್ಕೆ ಒರಗಿ ಕೂತರು. ಅವರ ಮುಂದೆಯೇ ತಾಳ ಹಿಡಿದು ಕೂತಿದ್ದ ನಮ್ಮ ನೆರೆಮನೆಯ ಚಂಪಾ ವೈನಿ ಪಕ್ಕದವಳಿಗೆ, "ಅಕ್ಕೋರು ಅದನ್ನ ಹಿಡಕೊಂಡು ಕುಂತ್ರ ಎಷ್ಟ ಚಂದ ಕಾಣಸ್ತಾರ ನೋಡ. ಬಾರ್ಸೂದೇನಿಲ್ಲ, ಸುಮ್ನ ಶೋಕಿಗೆ ಕೈ ಆಡಸ್ತಾರ. ಫೋಟೋಕ್ಕ ಚಲೋ" ಎಂದರಂತೆ. ಅದರಲ್ಲಿ ಹೊಟ್ಟೆಕಿಚ್ಚೇನೂ ಇರಲಿಲ್ಲ. ಓಣಿಯವರೆಲ್ಲ ಹಾಗೆಯೇ ತಿಳಿದಿದ್ದರು. ಆದರೆ ಕೇಳಿಸಿಕೊಂಡವರು ಹೆತ್ತ ತಂದೆ.

ಊಟಕ್ಕೆ ಕೂತಾಗ ಮಾವನವರು ರೊಟ್ಟಿ ಮುರಿದು ಹಾಗೆಯೇ ಇಟ್ಟರು. "ತಂಗಿ, ನೀ ಖರೇನ ಬಾರಸ್ತೀಯೋ ಇಲ್ಲೋ?" ಎಂದರು. ಸುನಂದಾ ಎದ್ದು ಕೈ ತೊಳೆದು ಬಂದು, ಗವಸು ಬಿಚ್ಚಿ, ಅಪ್ಪನ ಎದುರಿಗೆ ಕೂತು ಬಾರಿಸಿದಳು. ಮಾವನವರಿಗೆ ರಾಗ ತಾಳ ಏನೂ ತಿಳಿಯದು. ಆದರೂ ರೊಟ್ಟಿ ಒಣಗುವವರೆಗೆ ಕೇಳಿದರು. ಕೊನೆಗೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಅಳಿಯಂದ್ರ, ನನ್ನ ಮಗಳು ಶೋಕಿಗೆ ಕುಂದ್ರಾಕಿ ಅಲ್ಲ. ಇದು ಆ ಮಂದಿಗೆ ಕೇಳಸ್ಬೇಕ್ರಿ. ಏನ ಮಾಡ್ತೀರೋ ಮಾಡ್ರಿ" ಎಂದರು.

ಮಾವನವರ ಅಪ್ಪಣೆ. ಮುಂದಿನ ವಾರ ಮೈಕ್‌ಸೆಟ್ಟಿನವನಿಗೆ ಹೇಳಿ ಗಿಟಾರಿಗಾಗಿಯೇ ಇನ್ನೊಂದು ಮೈಕು ತರಿಸಿದೆ. ಅದನ್ನು ಗಿಟಾರಿನ ಮುಂದೆ ಇಟ್ಟರೆ ಪಕ್ಕದ ಢೋಲಕಿ ಎರಡು ಪಟ್ಟು ಕೇಳಿಸಿತು. ಅವನೇ ತಲೆ ಓಡಿಸಿ ಮೈಕನ್ನು ಕರವಸ್ತ್ರದಿಂದ ಗಿಟಾರಿನ ಹೊಟ್ಟೆಗೇ ಕಟ್ಟಿದ. ಆಗ ಕೇಳಿಸಿದ್ದು ಸುನಂದಾಳ ಬಳೆ. ಹಾಡಿನುದ್ದಕ್ಕೂ ಬಳೆಯ ಸದ್ದು ಗುಡಿಯ ಶಿಖರದ ಮೇಲಿನ ಭೋಂಗಾ ಸ್ಪೀಕರಿನಿಂದ ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ಮಾರನೆಯ ದಿನ ಚಂಪಾ ವೈನಿ, "ಅಕ್ಕೋರ, ನಿಮ್ಮ ಕೈಯಾಗಿನ ಬಳಿ ಎಲ್ಲಿ ತಗೊಂಡ್ರಿ? ದನಿ ಭಾರಿ ಐತಿ" ಎಂದು ಕೇಳಿದರು. ಸುನಂದಾ ನಕ್ಕಳು. ಆದರೆ ಆ ವಾರ ಎರಡು ದಿನ ಸಾರಿಗೆ ಉಪ್ಪು ಬೀಳಲಿಲ್ಲ.

ಇದಕ್ಕೆ ಮದ್ದು ಆಕೆಗೇ ಸಿಕ್ಕಿತು. ನಿಪ್ಪಾಣಿಯಲ್ಲಿ ಒಂದು ಮದುವೆಗೆ ಹೋದಾಗ ಕೊಲ್ಹಾಪುರದ ಕಡೆಯ ಆರ್ಕೆಸ್ಟ್ರಾ ಬಂದಿತ್ತು. ಅದರಲ್ಲಿ ಒಬ್ಬ ಗಿಟಾರಿನ ಸೊಂಟಕ್ಕೇ ಒಂದು ವೈರು ಚುಚ್ಚಿ, ಮುಂದೆ ಮೈಕೇ ಇಲ್ಲದೆ ಬಾರಿಸುತ್ತಿದ್ದ. ಪೂರಾ ಕರೆಂಟಿನ ಗಿಟಾರು ಅದಲ್ಲ; ನಮ್ಮ ಮನೆಯದರ ಹಾಗೆಯೇ ಮರದ ಹೊಟ್ಟೆ, ನಡುವೆ ತೂತು. ಊಟದ ಪಂಕ್ತಿ ಬಿಟ್ಟು ಅವಳು ವೇದಿಕೆಯ ಹಿಂದಕ್ಕೆ ಹೋಗಿ ಆತನನ್ನು ವಿಚಾರಿಸಿಕೊಂಡು ಬಂದಳು. ಪಿಕಪ್ ಎಂಬುದನ್ನು ಒಳಗೇ ಕೂರಿಸಿರುತ್ತಾರಂತೆ. ತಂತಿಗಳು ಕೂರುವ ಪಟ್ಟಿಯ ಕೆಳಗೆ ಒಂದು ಸಣ್ಣ ಎಳೆ ಇರುತ್ತದಂತೆ. ತಂತಿಯ ನಡುಕವನ್ನು ಅದು ನೇರವಾಗಿ ವೈರಿಗೆ ದಾಟಿಸುತ್ತದಂತೆ. ಢೋಲಕಿ, ಬಳೆ ಯಾವುದನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲವಂತೆ. ಬಸ್ಸಿನಲ್ಲಿ ಚಿಕ್ಕೋಡಿಯವರೆಗೂ ಇದನ್ನೇ ಹೇಳಿದಳು. ಮದುವೆಯ ಹೆಣ್ಣು ಹೇಗಿದ್ದಳೆಂದು ಓಣಿಯಲ್ಲಿ ಯಾರೋ ಕೇಳಿದಾಗ ಇಬ್ಬರಿಗೂ ನೆನಪಿರಲಿಲ್ಲ.

ದತ್ತೋಬಾ ಅವರ ಅಂಗಡಿಗೆ ಅಂಥ ಗಿಟಾರುಗಳು ಮುಂಬಯಿಯಿಂದ ಬಂದಿವೆ ಎಂದು ಸುದ್ದಿ ಸಿಕ್ಕ ಕೂಡಲೇ ನಾವಿಬ್ಬರೇ ಹೋಗಿಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೊಡಿಸುವವರು ಮಾವನವರು. "ಮಗಳಿಗೆ ಲಗ್ನದಾಗ ಆಕಳ ಕೊಡೂದು ಉಳದಿತ್ತು, ಅದರ ಬದ್ಲಿ ಇದು" ಎಂದು ಅವರು ತಾವಾಗಿಯೇ ಹೊರಟು ನಿಂತರು. ಎತ್ತು ಆರಿಸುವುದರಲ್ಲಿ ನಮ್ಮ ಮಾವನವರದು ಎತ್ತಿದ ಕೈ. ಅಥಣಿ, ಕಾಗವಾಡದವರೆಗೆ ದೊಡ್ಡ ದೊಡ್ಡ ಒಕ್ಕಲುತನದವರು ದನದ ಪೇಟೆಗೆ ಹೋಗುವಾಗ ಅವರನ್ನು ಮನೆಗೆ ಬಂದು ಕರೆದೊಯ್ಯುತ್ತಿದ್ದರು. ಹೊಟ್ಟೆ, ಕುತ್ತಿಗೆ ಎರಡೂ ಇರುವ ಯಾವ ವಸ್ತುವನ್ನೂ ತಾವು ನೋಡದೆ ಮನೆಗೆ ತರಬಾರದೆಂಬುದು ಅವರ ನಂಬಿಕೆ. ಗಿಟಾರಿಗೆ ಎರಡೂ ಇದ್ದವು.

ದತ್ತೋಬಾ ನಮ್ಮನ್ನು ನೋಡಿ, "ಯಾ ಯಾ, ಬರ್ರಿ" ಎಂದು ಸ್ವಾಗತಿಸಿದರು. ಮೊದಲು ನಮ್ಮ ಮಂಡಳಿಯ ಹಾರ್ಮೋನಿಯಂ ಕ್ಷೇಮವಾಗಿದೆ ಎಂದು ತೋರಿಸಿದರು. ಅದರ ಮೇಲೆ ಅವರ ಊಟದ ಡಬ್ಬಿ ಇತ್ತು. ಆಮೇಲೆ ಒಂದು ಗಿಟಾರು ಇಳಿಸಿದರು. ಕೆಂಪು ಬಣ್ಣ, ಕನ್ನಡಿಯಂಥ ಮೆರುಗು, ಸೊಂಟದಲ್ಲಿ ರೇಡಿಯೋದಂತೆ ಸಾಲಾಗಿ ತಿರುಗಣಿಗಳು. ವೈರು ಚುಚ್ಚಿ ತಾವೇ ಒಮ್ಮೆ ಮೀಟಿದರು. ಪೆಟ್ಟಿಗೆಯಂಥ ಸ್ಪೀಕರಿನಿಂದ ಹೊರಟ ಸದ್ದಿಗೆ ಗೋಡೆಯ ಕ್ಯಾಲೆಂಡರು ಅಲ್ಲಾಡಿತು. "ಆವಾಜ ಬಘಾ, ದನಿ ನೋಡ್ರಿ ವೈನಿ! ಏಕ್ ನಂಬರ!" ಎಂದರು. ನಾನು ಆಗಲೇ ಮನಸ್ಸಿನಲ್ಲಿ ಅದನ್ನು ಮನೆಗೆ ಒಯ್ದು ಗೋಡೆಗೆ ಮೊಳೆ ಹೊಡೆದಿದ್ದೆ.

ಸುನಂದಾ ವೈರು ಕಿತ್ತಳು. "ಮೊದ್ಲ ಇದು ತಾನಾಗೆ ಏನ ಮಾತಾಡ್ತೈತಿ ನೋಡೂಣ್ರಿ" ಎಂದು ಬರಿದೇ ಬಾರಿಸಿದಳು. ಸಕ್ಕರೆ ಖಾಲಿಯಾದ ಡಬ್ಬಿಯನ್ನು ಬಡಿದಂತೆ ಕೇಳಿಸಿತು. "ಕಾಕಾ, ಆಗ ಬಂದ ದನಿ ನಿಮ್ಮ ಸ್ಪೀಕರಿಂದು, ಗಿಟಾರದ್ದಲ್ಲ" ಎಂದು ಹಿಂದಕ್ಕೆ ಕೊಟ್ಟಳು. ದತ್ತೋಬಾ ಒಂದು ಕ್ಷಣ ಅವಳ ಮುಖ ನೋಡಿದರು. ಅಲ್ಲಿಂದ ಮುಂದೆ ಅವರು ನನಗೆ ಏನನ್ನೂ ತೋರಿಸಲಿಲ್ಲ, ಅವಳಿಗೇ ತೋರಿಸಿದರು.

ಮೂಲೆಯಲ್ಲಿ ಹಾರ್ಮೋನಿಯಂಗಳ ಹಿಂದೆ ತೂಗುಹಾಕಿದ್ದ ಒಂದು ಕಂದು ಬಣ್ಣದ ಗಿಟಾರನ್ನು ಸುನಂದಾಳೇ ಬೆರಳು ಮಾಡಿ ಇಳಿಸಿಕೊಂಡಳು. ಮೆರುಗಿಲ್ಲ, ಅಲಂಕಾರವಿಲ್ಲ, ಪಿಕಪ್ ಇದೆ ಎಂಬುದಕ್ಕೆ ಗುರುತಾಗಿ ಎರಡೇ ತಿರುಗಣಿ, ಬ್ಯಾಟರಿ ಹಾಕುವ ಒಂದು ಸಣ್ಣ ಬಾಗಿಲು. ಅದನ್ನು ಅವಳು ಪರೀಕ್ಷಿಸಿದ ರೀತಿಯನ್ನು ನಾನು ಮರೆಯಲಾರೆ. ಕುತ್ತಿಗೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದಳು. ತಂತಿಗಳು ಮರದಿಂದ ಎಷ್ಟು ಮೇಲಿವೆ, ಒತ್ತಿದರೆ ಬೆರಳಿಗೆ ನೋವಾಗುತ್ತದೆಯೇ ಎಂದು ನೋಡಿದಳು. ಕುತ್ತಿಗೆಯ ಮೇಲಿನ ಒಂದೊಂದು ಪಟ್ಟಿಯಲ್ಲೂ ಒಂದೊಂದು ತಂತಿಯನ್ನು ಒತ್ತಿ ಎಲ್ಲಾದರೂ ಝರ್ರೆನ್ನುತ್ತದೆಯೇ ಎಂದು ಕೇಳಿದಳು. ನಾವಿರುವ ಬಾಡಿಗೆ ಮನೆಯನ್ನು ಗೊತ್ತು ಮಾಡಲು ಕೂಡ ನನಗೆ ಅಷ್ಟು ಹೊತ್ತು ಹಿಡಿದಿರಲಿಲ್ಲ. ಆಮೇಲೆ ವೈರು ಚುಚ್ಚಿ, ಸ್ಪೀಕರಿಗೆ ಎದುರಾಗಿ ಕೂತರೆ ಕುಂಯ್ಯೆಂದು ಕೂಗುತ್ತದೆಂದು ಮಗ್ಗುಲಾಗಿ ಕೂತು, ದನಿಯನ್ನು ತಗ್ಗಿಸಿಕೊಂಡಳು.

"ರೀ, ನೀವು ಹೊರಗ ಹೋಗಿ ರಸ್ತಾದಾಗ ನಿಂದ್ರರಿ" ಎಂದಳು. "ಒಮ್ಮಿ ವೈರ್ ಹಚ್ಚಿ ಬಾರಸ್ತೀನಿ, ಒಮ್ಮಿ ತಗದು. ಯಾವುದು ಯಾವಾಗ ಅಂತ ಹೇಳ್ರಿ."

ನಾನು ರಸ್ತೆಯಲ್ಲಿ ನಿಂತೆ. ತಂಬಾಕಿನ ಮೂಟೆ ಹೊತ್ತ ಲಾರಿಗಳ ಸದ್ದಿನ ನಡುವೆ ಕಿವಿಗೆ ಕೈ ಹಚ್ಚಿ ಕೇಳಿ, ಬಹಳ ಖಚಿತವಾಗಿ ಉತ್ತರ ಕೊಟ್ಟೆ. ಎಲ್ಲವೂ ತಪ್ಪಾಗಿದ್ದವು. ಇನ್ನೇನು ಬೈಗುಳ ಕಾದಿದೆ ಎಂದು ಒಳಗೆ ಬಂದರೆ ಸುನಂದಾಳ ಮುಖ ಅರಳಿತ್ತು. "ನಿಮಗ ತಿಳೀಲಿಲ್ಲ ಅಂದ್ರ ಪಿಕಪ್ ಚಲೋ ಐತಿ ಅಂತ. ಇದ್ದ ದನೀನ ದೊಡ್ಡದು ಮಾಡ್ತೈತಿ, ಬ್ಯಾರೆ ದನಿ ಕೂಡಸೂದಿಲ್ಲ" ಎಂದಳು. ನನ್ನ ಅಜ್ಞಾನ ಮನೆಯ ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು.

ಇಲ್ಲಿಯವರೆಗೆ ಮಾವನವರು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಈಗ ಎದ್ದು ಬಂದು ಕಂದು ಗಿಟಾರಿನ ಬೆನ್ನು ಸವರಿದರು, ಹೊಟ್ಟೆ ತಟ್ಟಿದರು, ಮರದ ಎಳೆಗಳಲ್ಲಿ ಸುಳಿ ಎಲ್ಲಿದೆ ಎಂದು ಬಗ್ಗಿ ನೋಡಿದರು. ಮುಖ ಹುಳ್ಳಗೆ ಮಾಡಿ, "ಏನ ಬಡಕಲ ಐತ್ರಿ ಇದು! ಬಣ್ಣ ಇಲ್ಲ, ಭಪಕಾ ಇಲ್ಲ. ಮೂಲ್ಯಾಗ ಬಿದ್ದು ಮುದಿ ಆಗೇತಿ. ಯಾರೂ ಒಯ್ಯದ್ದನ್ನ ನಮಗ ಕಟ್ಟತೀರೇನು?" ಎಂದರು. ಆಮೇಲೆ ಕೆಂಪು ಗಿಟಾರಿನ ಕಡೆ ತಿರುಗಿ, "ಇದ ನೋಡ, ಹೆಂಗ ಮದುಮಗ ನಿಂತಂಗ ನಿಂತೈತಿ. ಭಾಳ ಚಂದ" ಎಂದು ತಲೆದೂಗಿದರು.

ನಾನು ಧಾರವಾಡದವನು, ನಮ್ಮ ಮನೆತನದಲ್ಲಿ ಹಾಲು ಕೊಂಡವರಿದ್ದಾರೆ, ಹಸು ಕೊಂಡವರಿಲ್ಲ. ಮಾವನವರು ಇಷ್ಟು ಮನಬಿಚ್ಚಿ ಅಭಿಪ್ರಾಯ ಹೇಳುವಾಗ ಅಳಿಯನಾದವನು ಬೆಂಬಲಿಸಬೇಡವೇ? ನಾನೂ ಮುಂದೆ ಬಂದೆ. ಕಂದು ಬಣ್ಣ ಮಣ್ಣಿನಂತಿದೆ ಎಂದೆ. ಎರಡೇ ತಿರುಗಣಿ ಇರುವುದು ಹಳೆಯ ಮಾದರಿಯ ಲಕ್ಷಣ ಎಂದೆ. ಇದನ್ನು ಬಾಗಿಲಿಗೆ ಒತ್ತಾಗಿ ಇಡಬಹುದು ಎಂದು ಒಂದು ಹಾಸ್ಯವನ್ನೂ ಮಾಡಿದೆ. "ಮಾವನವ್ರು ಹೇಳಿದ್ದು ನೂರಕ್ಕ ನೂರು ಖರೆ. ಕೆಂಪದನ್ನ ಕಟ್ಟರಿ" ಎಂದು ಮುಗಿಸಿದೆ. ದತ್ತೋಬಾ, "ಬರಂ, ಆತ್ರಿ, ಸಾಹೇಬ್ರು ಹೇಳಿದ ಮ್ಯಾಲ ಮುಗೀತು" ಎಂದು ಕಂದು ಗಿಟಾರನ್ನು ಮತ್ತೆ ಮೂಲೆಗೆ ತೂಗುಹಾಕಿ, ಕೆಂಪನ್ನು ಪೇಪರಿನಲ್ಲಿ ಸುತ್ತತೊಡಗಿದರು.

ಮಾವನವರು ನನ್ನನ್ನು ನೋಡಿದ ನೋಟವನ್ನು ಏನೆಂದು ಬಣ್ಣಿಸಲಿ! ಜೋಡಿಯ ಎಡಗಡೆಯ ಎತ್ತು ನಡುಹೊಲದಲ್ಲಿ ಮಲಗಿಬಿಟ್ಟರೆ ಒಕ್ಕಲಿಗ ಹಾಗೆ ನೋಡುತ್ತಾನೆ. ದನದ ಪೇಟೆಯ ರೀತಿ ನನಗೆ ಆಮೇಲೆ ತಿಳಿಯಿತು. ಅಲ್ಲಿ ಮನಸ್ಸಿಗೆ ಬಂದ ಎತ್ತನ್ನು ಬೈಯಬೇಕು, ಬೇಡವಾದದ್ದನ್ನು ಹೊಗಳಬೇಕು. ಮಾರುವವನೂ ಇದನ್ನು ಬಲ್ಲ. ಜೊತೆಗೆ ಬಂದವನ ಕೆಲಸ ಬೈಯುವುದಲ್ಲ. "ಇರ್ಲಿ ಬಿಡ್ರಿ, ಬಡ ದನ, ತಗೊಂಡ್ರ ಪುಣ್ಯ ಬರ್ತೈತಿ" ಎಂದು ನಡುವೆ ಬಾಯಿ ಹಾಕಿ ಸಂಧಾನ ಮಾಡುವುದು. ನಾನು ಸಂಧಾನಕ್ಕೆಂದು ಬಂದವನು ಯುದ್ಧವನ್ನೇ ಮುಗಿಸಿಬಿಟ್ಟಿದ್ದೆ. ಮಾವನವರೋ ಆಡಿದ ಮಾತು ತಿರುಗಿಸುವವರಲ್ಲ. ಬೈದ ಬಾಯಿಂದ ಈಗ ಹೊಗಳುವಂತಿಲ್ಲ, ಹೊಗಳಿದ್ದನ್ನು ಬೇಡವೆನ್ನುವಂತಿಲ್ಲ. ದತ್ತೋಬಾ ದಾರ ಹುಡುಕುತ್ತಿದ್ದರು.

ಆಗ ಸುನಂದಾ ನಗುತ್ತ ಎದ್ದಳು. "ಕಾಕಾ, ಆ ಕಂದು ಗಿಟಾರ ಇಳಸ್ರಿ. ನಮ್ಮ ಅಪ್ಪ ಬೈದಾನಂದ್ರ ಅವಗ ಅದು ಭಾಳ ಸೇರೈತಿ ಅಂತ ಅರ್ಥ. ನಮ್ಮನಿಯವ್ರು ಬೈದಾರಂದ್ರ ಅವ್ರಿಗೆ ತಿಳಿದಿಲ್ಲ ಅಂತ ಅರ್ಥ. ನನಗ ಅದ ಬೇಕು. ಇಂಥಾ ಚಲೋ ಗಿಟಾರ ನಾ ಕೈಯಾಗ ಹಿಡದಿಲ್ಲ" ಎಂದಳು.

ಮಾವನವರು ಕಣ್ಣು ಮುಚ್ಚಿಕೊಂಡರು. ಮಾರುವವನ ಎದುರಿಗೇ ಹೊಗಳುವುದೆಂದರೆ ಅವರ ಶಾಸ್ತ್ರದಲ್ಲಿ ಮಹಾಪಾತಕ. ದತ್ತೋಬಾ ಮಾತ್ರ ಬಾಯ್ತುಂಬ ನಕ್ಕರು. "ನಾನೂ ದನದ ಪ್ಯಾಟ್ಯಾಗ ತಿರಗ್ಯಾಡಿ ಬೆಳದಾವ್ರಿ ಯಜಮಾನ್ರ. ನೀವು ಬೈಯೂದ ಕೇಳಿ ಎಷ್ಟ ವರ್ಷದ ಮ್ಯಾಲ ಊರ ನೆನಪಾತು. ಈ ಸಾಹೇಬ್ರು ನಡುವ ಬಂದಿದ್ದಕ್ಕ ಸ್ವಲ್ಪ ಗಡಬಡ ಆತು, ಅಷ್ಟ" ಎಂದರು. ಮಾವನವರ ಮುಖಕ್ಕೆ ಕಳೆ ಬಂತು. ಹೆಗಲ ಮೇಲಿನ ಟವೆಲ್ಲು ಇಳಿಸಿ ಮುಂದೆ ಹಿಡಿದರು. ದತ್ತೋಬಾ ಅದರೊಳಗೆ ಕೈ ಇಟ್ಟರು. ಪೇಟೆಯಲ್ಲಿ ಎತ್ತಿನ ಬೆಲೆ ಕುದುರಿಸುವುದು ಹಾಗೆಯೇ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು. ಹೊರಗೆ ಇಬ್ಬರ ಮುಖಗಳೂ ಮಳೆಯ ಮಾತಾಡುವವರಂತೆ ಶಾಂತವಾಗಿದ್ದವು. ಒಳಗೆ ಏನು ನಡೆಯಿತೋ ಇಂದಿಗೂ ನನಗೆ ಗೊತ್ತಿಲ್ಲ. ಗಿಟಾರಿನ ಜೊತೆಗೆ ನಮ್ಮ ಮಂಡಳಿಯ ಹಾರ್ಮೋನಿಯಂ ಕೂಡ ವಾಪಸು ಬಂದದ್ದನ್ನು ನೋಡಿದರೆ, ಮಾವನವರ ಬೆರಳೇ ಗೆದ್ದಿರಬೇಕು.

ಶ್ರಾವಣದ ಕೊನೆಯ ಸೋಮವಾರ ಗುಡಿ ತುಂಬಿತ್ತು. ಮಾವನವರು ಬೆಳಿಗ್ಗೆಯೇ ಊರಿನಿಂದ ಬಂದಿದ್ದು, ಸಂಜೆ ಭಜನೆಗೆ ಈ ಸಲ ಕಂಬದ ಹತ್ತಿರವಲ್ಲ, ಎಲ್ಲರಿಗಿಂತ ಮುಂದೆ ಕೂತಿದ್ದರು. ಮೈಕ್‌ಸೆಟ್ಟಿನವನು ವೈರು ಕೊಟ್ಟ. ಸುನಂದಾ ಚುಚ್ಚಿಕೊಂಡು, ಕಣ್ಣು ಮುಚ್ಚಿ, ಮೊದಲ ಸಲ ಮೀಟಿದಳು. ಗುಡಿಯ ಮಾತುಕತೆ ನಿಂತಿತು. ಢೋಲಕಿಯವನು ಕೈ ಎತ್ತಿದವನು ಹಾಗೇ ಉಳಿದ. ಚಂಪಾ ವೈನಿ ತಾಳಗಳನ್ನು ಮಡಿಲಲ್ಲಿ ಇಟ್ಟುಕೊಂಡು, "ಅಯ್ಯ ಶಿವನ, ಇಷ್ಟ ದಿನ ಇದನ್ನ ಬಾರಸ್ತಿದ್ರೇನ್ರಿ ಅಕ್ಕೋರ?" ಎಂದು ಎಲ್ಲರೆದುರಿಗೇ ಕೇಳಿದರು. ಸುನಂದಾ ಹೌದೆಂದು ತಲೆಯಾಡಿಸಿದಳು, ಅಷ್ಟೆ. ನನ್ನ ಗಂಟಲು ಕಟ್ಟಿತು. ಕಟ್ಟಿದ್ದು ಹಾಗೆಯೇ ಇದ್ದಿದ್ದರೆ ಒಳ್ಳೆಯದಿತ್ತು.

ಯಾಕೆಂದರೆ ಮುಂದೆ ನಾನು ಹಾಡಬೇಕಿತ್ತು. ಹಾಡಿದೆ. ಪದ ಏರಿದಂತೆ ಭಕ್ತಿ ಏರಿತು, ಭಕ್ತಿ ಏರಿದಂತೆ ನನ್ನ ಶ್ರುತಿಯೂ ಏರಿತು. ನಡುವೆ ಏನೋ ಹೊಂದುತ್ತಿಲ್ಲ ಎನಿಸಿ ಸುನಂದಾಳ ಕಡೆ ನೋಡಿದೆ. ಅವಳ ಎಡಗೈ ಇದ್ದಲ್ಲೇ ಇತ್ತು. ಭೋಂಗಾದಲ್ಲಿ ಗಿಟಾರು ಒಂದು ಕಡೆ, ನಾನು ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎದುರಿಗೆ ಕೂತ ಮುಖಗಳ ಮೇಲೆ ಒಂದು ಹೊಸ ತಿಳಿವಳಿಕೆ ಮೂಡುವುದು ನನಗೆ ಕಾಣಿಸಿತು. ಪದದ ಕೊನೆಯ ಸಾಲಿಗೆ ಬರುವಾಗ ನಾನೇ ಸದ್ದಿಲ್ಲದೆ ಶ್ರುತಿ ಇಳಿಸಿ ಅವಳಿದ್ದಲ್ಲಿಗೆ ಬಂದೆ.

ಯಾಕೆ ಹೊಂದಲಿಲ್ಲವೆಂದು ಮನೆಗೆ ಹೋಗುವ ದಾರಿಯಲ್ಲಿ ಕೇಳಿದೆ. ಅವಳು ಬಹಳ ಮೃದುವಾಗಿ ಹೇಳಿದಳು. "ನೀವು ಪ್ರತಿ ಸಲ ಹಂಗ ಏರ್ತೀರಿ. ನಾನೂ ನಿಮ್ಮ ಬೆನ್ನ ಹತ್ತಿ ಕೈ ಏರಿಸ್ಕೋತ ಬರ್ತಿದ್ದೆ. ಯಾರಿಗೂ ಕೇಳಸ್ತಿದ್ದಿಲ್ಲ, ನಡೀತಿತ್ತು. ಇವತ್ತ ಎಲ್ಲಾರಿಗೂ ಕೇಳಸ್ತೈತಿ. ತಪ್ಪ ಹೆಂಗ ಬಾರಸ್ಲಿ?"

ಮನೆಯ ಕಟ್ಟೆಯ ಮೇಲೆ ಮಾವನವರು ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. ಮಗಳನ್ನು ಕರೆದು, "ಏನ ಬಾರಸ್ತಿಯವಾ, ತಂತಿ ಕರಕರ ಅಂತಾವು. ಗಿಟಾರದ್ದೂ ದನಿ ಸಾಲದು. ದತ್ತೋಬಾ ಟೋಪಿ ಹಾಕ್ಯಾನ" ಎಂದು ಬೈದರು. ಸುನಂದಾ ನಾಚಿಕೊಂಡು, ಹಿಗ್ಗಿ, ಅಪ್ಪನ ಪಕ್ಕದಲ್ಲಿ ಕೂತಳು. ಆಮೇಲೆ ಮಾವನವರು ನನ್ನ ಕಡೆ ತಿರುಗಿ, ಬಹಳ ಗೌರವದಿಂದ ಕೈ ಹಿಡಿದುಕೊಂಡು, "ಅಳಿಯಂದ್ರ, ನೀವು ಮಾತ್ರ ಭಾಳ ಚಂದ ಹಾಡಿದ್ರಿ" ಎಂದರು.

ದನದ ಪೇಟೆಯ ಭಾಷೆ ಅಷ್ಟರಲ್ಲಿ ನನಗೂ ಬರುತ್ತಿತ್ತು. ಮುಂದಿನ ಸೋಮವಾರ ನಾನು ಮೈಕಿನಿಂದ ಎದ್ದು ಹೋಗಿ ಚಂಪಾ ವೈನಿಯವರ ಪಕ್ಕದಲ್ಲಿ ತಾಳ ಹಿಡಿದು ಕೂತೆ. ತಾಳಕ್ಕೆ ಪಿಕಪ್ ಬರುವುದಿಲ್ಲವೆಂದು ಮೊದಲೇ ವಿಚಾರಿಸಿಕೊಂಡಿದ್ದೆ.